ಸಂಶೋಧನಾ ಪೇಪರ್ ಓದಲು ಕಲಿಸುವುದು: ಮೊದಲು ಅವರು ಒಮ್ಮೆ ಏಮಾರಲಿ

ಮೆಡಿಕಲ್ ವಿದ್ಯಾರ್ಥಿಗಳಿಗೆ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ವೆಬ್‌ಸೈಟ್) ಹುಡುಕುವುದನ್ನು ಮೊದಲು ಕಲಿಸಬೇಕಾ, ಅಂಕಿಅಂಶ ಮೊದಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಅಲ್ಲ. ಮೊದಲ ವರ್ಷ ನಾನು ಪಿ ವ್ಯಾಲ್ಯೂ ಎಂಬ ಅಂಕಿಅಂಶದ ಅಳತೆಯ ಬಗ್ಗೆ ಸ್ಲೈಡ್ ಮೇಲೆ ಸ್ಲೈಡ್ ತೋರಿಸಿದೆ, ಎಲ್ಲರೂ ಬರೆದುಕೊಂಡರು, ಪರೀಕ್ಷೆಯಲ್ಲೂ ಚೆನ್ನಾಗಿ ಬರೆದರು, ಆಮೇಲೆ ಒಂದು ಪೇಪರ್ ಕೈಗೆ ಕೊಟ್ಟರೆ ಸಾರಾಂಶದ ಕೊನೆಯ ಸಾಲು ಓದಿ ಕೆಳಗಿಟ್ಟರು.

ಈಗ ಮೊದಲ ಕ್ಲಾಸಿನಲ್ಲಿ ಒಂದೇ ಪ್ರಶ್ನೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಎದೆಬಡಿತ ಆಗಾಗ ತಾಳ ತಪ್ಪುತ್ತಿದ್ದರೆ ಸಾವಿನ ಅಪಾಯ ಜಾಸ್ತಿ. ಅದನ್ನು ಚೆನ್ನಾಗಿ ತಗ್ಗಿಸುವ ಮಾತ್ರೆ ಇದೆ. ಕೊಡುತ್ತೀರಾ? ಹೆಚ್ಚುಕಮ್ಮಿ ಎಲ್ಲರೂ ಕೈ ಎತ್ತುತ್ತಾರೆ. ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೇ ಕೊಡುತ್ತಿದ್ದರು. ಆಗ ಇಂಥ ಮಾತ್ರೆಗಳನ್ನೇ ಪರೀಕ್ಷಿಸಿದ 1991ರ ಕ್ಯಾಸ್ಟ್ ಟ್ರಯಲ್‌ನ ಲೆಕ್ಕವನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ತೆಗೆದುಕೊಂಡ 755 ಜನರಲ್ಲಿ 63 ಸಾವು, ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ತೆಗೆದುಕೊಂಡ 743 ಜನರಲ್ಲಿ 26. ಬಡಿತ ಸರಿಹೋಗಿತ್ತು, ಜನ ಮಾತ್ರ ಜಾಸ್ತಿ ಸತ್ತರು. ಇದಾದ ಮೇಲೆ ಸರೊಗೇಟ್ ಔಟ್‌ಕಮ್ (ರೋಗಿಗೆ ಬೇಕಾದದ್ದರ ಬದಲು ಅಳೆಯುವ ಸೂಚಕ) ಅಂದರೇನು ಅಂತ ನಾನು ಕೊರೆಯಬೇಕಿಲ್ಲ. ಈ ಪೇಪರಿನಲ್ಲಿ ಅಳೆದದ್ದೇನು, ರೋಗಿಗೆ ಬೇಕಿದ್ದದ್ದೇನು ಅಂತ ಅವರೇ ಕೇಳಲು ಶುರು ಮಾಡುತ್ತಾರೆ.

ಹುಡುಕಾಟ ಆಮೇಲೆ, ಅದೂ ಅವರೇ ವಾರ್ಡಿನಲ್ಲಿ ನೋಡಿದ ರೋಗಿಯ ಬಗ್ಗೆ. ಯಾವ ರೋಗಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ? ಪ್ರಶ್ನೆಯನ್ನು ಹೀಗೆ ನಾಲ್ಕು ಭಾಗ ಮಾಡುವ ಪೈಕೊ (PICO) ಅನ್ನುವುದು ಇಷ್ಟೇ. ಪಬ್‌ಮೆಡ್‌ನಲ್ಲಿ ಸುಮ್ನೆ ಹಾರ್ಟ್ ಅಟ್ಯಾಕ್ ಅಂತ ಹಾಕಿಸಿ, ಆಮೇಲೆ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಅದು ನಿಜವಾಗಿ ಏನನ್ನು ಹುಡುಕಿತು ಅಂತ ತೋರಿಸಿ. ಹಾರ್ಟ್ ಅಟ್ಯಾಕಿನ ವೈದ್ಯಕೀಯ ಹೆಸರಾದ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅನ್ನುವ ಮೆಶ್ ಪದ (ಪೇಪರ್‌ಗಳನ್ನು ವಿಷಯವಾರು ಗುರುತಿಸುವ ನಿಗದಿತ ಪದ) ತಾನಾಗಿಯೇ ಸೇರಿಕೊಂಡಿರುತ್ತದೆ. ಮೆಶ್ ಪಾಠಕ್ಕೆ ಐದು ನಿಮಿಷ ಸಾಕು.

ಪೇಪರ್ ಕೊಡುವಾಗ ಸಾರಾಂಶ, ಕೊನೆಯ ಚರ್ಚೆ ಎರಡನ್ನೂ ಕಿತ್ತಿಟ್ಟು ಕೊಡಿ. ವಿಧಾನ ಮತ್ತು ಟೇಬಲ್ ನೋಡಿ ತೀರ್ಮಾನವನ್ನು ಅವರೇ ಬರೆಯಲಿ, ಆಮೇಲೆ ಲೇಖಕರು ಬರೆದದ್ದರ ಜೊತೆ ಹೋಲಿಸಲಿ. ಮೊದಮೊದಲು ಗೊಣಗುತ್ತಾರೆ, ಗೊಣಗಲಿ ಬಿಡಿ.

ಸಬ್‌ಗ್ರೂಪ್ (ಟ್ರಯಲ್‌ನ ರೋಗಿಗಳನ್ನು ಒಡೆದು ಮಾಡಿದ ಚಿಕ್ಕ ಗುಂಪು) ಬಗ್ಗೆ ಹೇಳುವ ದಿನ ಮಾತ್ರ 1988ರ ಐಸಿಸ್-2 ಮರೆಯಬೇಡಿ. ಹಾರ್ಟ್ ಅಟ್ಯಾಕ್ ಆದ 17,187 ಜನರ ಟ್ರಯಲ್ ಅದು. ಒಟ್ಟಾರೆ ಆಸ್ಪಿರಿನ್ ಸಾವನ್ನು ಕಡಿಮೆ ಮಾಡಿತು, ಆದರೆ ಮಿಥುನ ಮತ್ತು ತುಲಾ ರಾಶಿಯವರಿಗೆ ಉಪಯೋಗ ಕಾಣಲಿಲ್ಲ! ಗುಂಪನ್ನು ಚೂರು ಚೂರು ಮಾಡುತ್ತಾ ಹೋದರೆ ಏನು ಬೇಕಾದರೂ ಸಿಗುತ್ತದೆ ಅಂತ ತೋರಿಸಲು ಸಂಶೋಧಕರೇ ಬೇಕಂತಲೇ ಹಾಕಿದ್ದು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಕೇಳಿ: ರಾಶಿಯ ಬದಲು ವಯಸ್ಸು ಅಂತ ಇದ್ದಿದ್ದರೆ ನಂಬಿಬಿಡುತ್ತಿದ್ದಿರಿ, ಅಲ್ವಾ?