ಗಾಲ್ಫ್ ಮೈದಾನಕ್ಕೆ ಗಿಡ ನೆಡುವ ಮೊದಲು ಕೆರೆಯ ಅಂಚನ್ನು ನೋಡಿ

ಒಂಬತ್ತು ಹೋಲ್‌ಗಳ ನಿಮ್ಮ ಮೈದಾನಕ್ಕೆ ಹಕ್ಕಿಗಳು ಬರಬೇಕಾದರೆ ಎಷ್ಟು ಸಿಲ್ವರ್ ಓಕ್ ನೆಡಬೇಕು, ಎಷ್ಟು ಗೂಡುಪೆಟ್ಟಿಗೆ ಕಟ್ಟಬೇಕು ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನ ಸಮೀಪ ಅಂಥದೇ ಒಂದು ಮೈದಾನದ ಉಸ್ತುವಾರಿ ವಹಿಸಿಕೊಂಡ ಮೊದಲ ವರ್ಷ ನನ್ನ ಕೈಯಲ್ಲಿದ್ದದ್ದೂ ಇದೇ ಪಟ್ಟಿ. ಅದರಲ್ಲಿ ಇನ್ನೊಂದು ಸಾಲೂ ಇತ್ತು: ‘ಕೆರೆಯ ಅಂಚು ಸ್ವಚ್ಛಗೊಳಿಸುವುದು’. ನನ್ನನ್ನು ಮುಳುಗಿಸಿದ್ದು ಆ ಸಾಲು.

ಐದನೆಯ ಗ್ರೀನಿನ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ) ಕೆಳಗೆ ಒಂದು ಸಣ್ಣ ಕೆರೆ. ಅದರ ಮೂರು ಬದಿಯಲ್ಲೂ ಆಳೆತ್ತರದ ಜೊಂಡು ಬೆಳೆದಿದ್ದರಿಂದ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಂತವರಿಗೆ ನೀರೇ ಕಾಣುತ್ತಿರಲಿಲ್ಲ. ಚೆಂಡು ಕಳೆದುಕೊಂಡ ಸದಸ್ಯರ ಗೊಣಗಾಟ ಬೇರೆ. ಏಪ್ರಿಲ್‌ನಲ್ಲಿ ನೀರು ತಗ್ಗಿದ್ದಾಗ ಜೆಸಿಬಿ ತರಿಸಿ, ಎರಡೇ ದಿನದಲ್ಲಿ ಜೊಂಡನ್ನು ಬೇರುಸಹಿತ ಕೀಳಿಸಿ, ನೀರಿನ ಅಂಚಿನವರೆಗೂ ಹುಲ್ಲು ಹಾಸಿಸಿದೆ. ಬಹುಕಾಲ ಕಾಫಿ ತೋಟದಲ್ಲಿ ದುಡಿದು ಬಂದಿದ್ದ ನಮ್ಮ ಮಾಲಿ, “ಜೊಂಡು ತೆಗೆದ್ರೆ ಮೇಲಿಂದ ಬರೋ ನೀರು ಸೋಸೋದು ಯಾರು ಸಾರ್?” ಎಂದು ಕೇಳಿದ್ದರು. ಕೆಲಸ ತಪ್ಪಿಸಿಕೊಳ್ಳುವ ಮಾತೆಂದು ನಾನು ಅದನ್ನು ತಳ್ಳಿಹಾಕಿದೆ.

ಮೇ ಕೊನೆಯಲ್ಲಿ, ರೋಹಿಣಿ ಮಳೆ ಹಿಡಿಯುವ ಮುನ್ನ, ಟೀಯಿಂದ ಗ್ರೀನಿನವರೆಗಿನ ಹುಲ್ಲಿನ ಹಾದಿಯಾದ ಫೇರ್‌ವೇ ಬೇಗ ಹಸಿರಾಗಲೆಂದು ಯೂರಿಯಾ ಮತ್ತು ಡಿಎಪಿಯನ್ನು ಒಂದೇ ದಿನ ಎರಚಿಸಿದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿರುತ್ತದೆ, ಡಿಎಪಿಯಲ್ಲಿ ಶೇ. 46ರಷ್ಟು ರಂಜಕದ ಆಕ್ಸೈಡ್ (P2O5). ಎಳೆ ಬೇರಿನ ಹುಲ್ಲು ಇಷ್ಟನ್ನು ಒಂದೇ ಸಲ ಹೀರುವುದಿಲ್ಲ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು, ಆದರೆ ಮಳೆಗೆ ಮೊದಲೇ ಹಾಕಿದರೆ ನೀರು ಹಾಯಿಸುವ ಖರ್ಚು ಉಳಿಯುತ್ತದೆಂಬ ಲೆಕ್ಕವೇ ಮೇಲಾಯಿತು. ಆ ರಾತ್ರಿ ಮಳೆ ಸುರಿಯಿತು. ಜೊಂಡು ಇದ್ದಿದ್ದರೆ ಇಳಿಜಾರಿನ ನೀರು ಅದರ ಬುಡದಲ್ಲಿ ನಿಧಾನಿಸಿ, ಮಣ್ಣನ್ನೂ ಅದಕ್ಕಂಟಿದ ರಂಜಕವನ್ನೂ ಅಲ್ಲೇ ಬಿಟ್ಟು, ಒಂದಷ್ಟು ಗೊಬ್ಬರವನ್ನು ಬೇರಿಗೆ ಉಣಿಸಿ ಕೆರೆ ಸೇರುತ್ತಿತ್ತು. ನಾನು ಹಾಸಿದ ನುಣುಪು ಹುಲ್ಲಿನ ಮೇಲೆ ಅದು ನೇರವಾಗಿ ಜಾರಿಹೋಯಿತು.

ಕೆಲವೇ ದಿನಗಳಲ್ಲಿ ಆ ಗೊಬ್ಬರ ಉಂಡ ಪಾಚಿ ಹಬ್ಬಿ ಕೆರೆ ಪಾಲಕ್ ಸಾರಿನಂತಾಯಿತು. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದನ್ನೇ ಉಸಿರಾಡುತ್ತದೆ. ಸತತ ಮೋಡವಿದ್ದರೆ ಕೊಡುವುದು ಕಡಿಮೆಯಾಗಿ ತೆಗೆದುಕೊಳ್ಳುವುದು ಮಾತ್ರ ಉಳಿಯುತ್ತದೆ. ಒಂದು ಬೆಳಗಿನ ಜಾವ ಕಾಟ್ಲಾ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಗುಟುಕು ಗಾಳಿಗೆ ಹೆಣಗುತ್ತಿದ್ದವು, ಒಂಬತ್ತು ಗಂಟೆಯ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನ್ನು ಹೂಳಲು ಮೂರು ಗುಂಡಿ ತೋಡಿಸಬೇಕಾಯಿತು. ಜೊಂಡಿನಲ್ಲಿ ಮರಿ ಮಾಡುತ್ತಿದ್ದ ಹುಂಡುಕೋಳಿಯ ಕೂಗು ಆ ಮಳೆಗಾಲದಲ್ಲಿ ಕೇಳಲೇ ಇಲ್ಲ. ಗೂಡುಪೆಟ್ಟಿಗೆಗಳು ಅದೇ ವಾರ ಬಂದಿಳಿದವು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೈದಾನದ ಹಕ್ಕಿಗಳಲ್ಲಿ ಹಲವಕ್ಕೆ ಪೆಟ್ಟಿಗೆಯಿಂದ ಏನೂ ಉಪಯೋಗವಿಲ್ಲ. ಟಿಟ್ಟಿಭ ಬಯಲು ನೆಲದಲ್ಲಿ, ಕಲ್ಲಿನ ಬಣ್ಣದ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಿರುವುದು ಹುಲ್ಲು ಕತ್ತರಿಸುವ ಯಂತ್ರ ಆ ಕಡೆ ಹೋಗದಿರುವುದು. ಗ್ರೀನ್, ಟೀ, ಫೇರ್‌ವೇ ಬಿಟ್ಟು ಆಟಕ್ಕೆ ಬೇಕಿಲ್ಲದ ಜಾಗವನ್ನೆಲ್ಲ ಗುರುತಿಸಿ, ಅಲ್ಲಿ ಕತ್ತರಿಸುವುದನ್ನೂ ನೀರು, ಗೊಬ್ಬರ ಹಾಕುವುದನ್ನೂ ಈ ವರ್ಷವೇ ನಿಲ್ಲಿಸಿ. ಕೆರೆಯಂಚಿನ 30 ಅಡಿಯೊಳಗೆ ನಾವು ಈಗ ಏನನ್ನೂ ಎರಚುವುದಿಲ್ಲ. ಉಳಿದೆಡೆ ಮಳೆ ಬಿಡುವು ಕೊಟ್ಟಾಗ ಸ್ವಲ್ಪ ಸ್ವಲ್ಪವೇ ಹಾಕುತ್ತೇವೆ. ಬರ್ಮುಡಾ ಎಂದು ದುಬಾರಿ ಬೆಲೆಗೆ ಮಾರುವುದು ಗಣಪತಿಗೆ ಏರಿಸುವ ಗರಿಕೆಯ ಜಾತಿಯ ಹುಲ್ಲೇ, ಅಷ್ಟು ಉಪಚಾರವಿಲ್ಲದೆಯೂ ಬದುಕುತ್ತದೆ. ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳುವಿಗೆ ಯಾರಾದರೂ ಹಳೆಯ ಅಭ್ಯಾಸದಿಂದ ಫೋರೇಟ್ ಎಂಬ ಕೀಟನಾಶಕ ತಂದರೆ ಹಿಂದಿರುಗಿಸಿ. 2020ರ ಕೊನೆಯಿಂದ ಅದು ದೇಶದಲ್ಲಿ ನಿಷಿದ್ಧ. ಆ ಹುಳುಗಳೇ ಬೆಳೆದು ಮೊದಲ ಮಳೆಗೆ ಏಳುವ ದುಂಬಿಗಳನ್ನು ದೀಪದ ಬಲೆಯಲ್ಲಿ ಹಿಡಿಯುವುದು, ಹುಳುವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುವುದು ನಿಧಾನದ ದಾರಿ, ನಮಗೆ ಅಷ್ಟು ಸಾಕಾಗಿದೆ.

ಸದಸ್ಯರು ಒಪ್ಪುವುದಿಲ್ಲ ಎಂದು ನೀವು ಬರೆದಿದ್ದೀರಿ. ಗಾಲ್ಫ್ ನಿಯಮಾವಳಿಯಲ್ಲೇ ಇದಕ್ಕೆ ದಾರಿಯಿದೆ: ವನ್ಯಜೀವಿಗಳ ನೆಲೆಯನ್ನು ‘ನೋ ಪ್ಲೇ ಜೋನ್’ ಎಂದು ಸಮಿತಿ ಗುರುತಿಸಬಹುದು, ಅಲ್ಲಿ ಬಿದ್ದ ಚೆಂಡನ್ನು ಅಲ್ಲೇ ಹೊಡೆಯುವಂತಿಲ್ಲ. ಅಮೆರಿಕದ ಆಡುಬಾನ್ ಇಂಟರ್‌ನ್ಯಾಷನಲ್ ಎಂಬ ಪರಿಸರ ಸಂಸ್ಥೆ 1991ರಿಂದ ಗಾಲ್ಫ್ ಮೈದಾನಗಳಿಗಾಗಿ ಇಂಥ ಕಾರ್ಯಕ್ರಮ ನಡೆಸುತ್ತಿದೆ ಎಂದರೆ ಸಮಿತಿಯ ಹಿರಿಯರು ಇನ್ನೂ ಬೇಗ ಕಿವಿಗೊಡುತ್ತಾರೆ. ನಮ್ಮ ಮಾಲಿಯ ಮಾತಿಗೆ ಆ ತೂಕ ಸಿಗಲಿಲ್ಲ.

ಜೊಂಡನ್ನು ಪಕ್ಕದ ಊರಿನ ಕೆರೆಯಿಂದ ಗಡ್ಡೆ ತಂದು ಮತ್ತೆ ನೆಟ್ಟವರು ಆ ಮಾಲಿಯೇ. ನೀರು ಕಾಣಬೇಕೆಂಬ ಹಟ ಬಿಡದವರಿಗಾಗಿ ಟೀ ಎದುರಿಗೆ ಹದಿನೈದು ಅಡಿಯ ಒಂದು ಕಿಂಡಿ ಬಿಟ್ಟಿದ್ದೇವೆ. ಗಿಡ ನೆಡಲೇಬೇಕೆಂದಿದ್ದರೆ ಅತ್ತಿ, ಬಸರಿ, ನೇರಳೆ ನೆಡಿ, ಅವೂ ಗ್ರೀನಿನಿಂದ ದೂರವಿರಲಿ. ಸಿಲ್ವರ್ ಓಕ್ ನಮ್ಮ ತೋಟಗಳಲ್ಲೇ ಬೇಕಾದಷ್ಟಿದೆ.