ನಿಮ್ಮ ‘ಫ್ರೆಂಚಿ’ ಲೇಖನವನ್ನು ಕುರಿತು

ಮಾನ್ಯರೆ, ನಮಸ್ಕಾರ.

‘ಫ್ರೆಂಚಿ’ ಎಂಬ ಆಡುಮಾತಿನ ಪದದ ಅರ್ಥ ಮತ್ತು ಬಳಕೆಯ ಬಗ್ಗೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಆರು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ವಿಷಯವನ್ನು ಕೈಬಿಡಬೇಡಿ. ಅದು ನೀವು ಭಾವಿಸಿದ್ದಕ್ಕಿಂತ ದೊಡ್ಡದು ಎಂದು ತಿಳಿಸುವುದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

‘ಫ್ರಾನ್ಸಿಗೆ ಸೇರಿದ ಎಲ್ಲ ವಸ್ತುಗಳಿಗೂ ಇಂಗ್ಲಿಷಿನವರು ಸಲಿಗೆಯಿಂದ ಇಟ್ಟ ಹೆಸರು’ ಎಂದು ನೀವು ಮೊದಲ ಸಾಲಿನಲ್ಲೇ ಅರ್ಥ ಹೇಳಿದ್ದೀರಿ. ಉಳಿದ ಲೇಖನವೆಲ್ಲ ನಿಂತಿರುವುದು ಈ ಸಾಲಿನ ಮೇಲೆ, ಆದರೆ ಈ ಸಾಲೇ ಸರಿಯಿಲ್ಲ. ಬ್ರೀ ಚೀಸನ್ನಾಗಲಿ ಬೋರ್ದೋ ವೈನನ್ನಾಗಲಿ ಇಂಗ್ಲಿಷ್ ಆಡುವವರು ಸಾಮಾನ್ಯವಾಗಿ ಫ್ರೆಂಚಿ ಎನ್ನುವುದಿಲ್ಲ. ಅವು ಫ್ರೆಂಚ್, ಅಷ್ಟೇ. ಲಂಡನ್ನಿನ ಯಾವುದೋ ಬೀದಿಯಲ್ಲಿ ಚೌಕುಳಿ ಮೇಜುಬಟ್ಟೆ ಹಾಸಿ, ಅಕಾರ್ಡಿಯನ್ ವಾದನ ಕೇಳಿಸಿ, ಕರಿಹಲಗೆಯ ಮೇಲೆ ತಿನಿಸುಗಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟ ಕೆಫೆಯೊಂದನ್ನು ಕಂಡಾಗ ಅವರ ಬಾಯಲ್ಲಿ ‘ಫ್ರೆಂಚಿ’ ಬರುತ್ತದೆ. ಮೊದಲನೆಯ ಪದ ವಸ್ತುವಿನ ಹುಟ್ಟನ್ನು ಹೇಳಿದರೆ, ಎರಡನೆಯದು ಅದರ ತೋರಿಕೆಯನ್ನೂ ಅದನ್ನು ನೋಡುವವರ ಮನೋಭಾವವನ್ನೂ ಒಟ್ಟಿಗೆ ಹೇಳುತ್ತದೆ. 19ನೇ ಶತಮಾನದಿಂದ ಬಳಕೆಯಲ್ಲಿರುವ ಈ ಗುಣವಾಚಕದಲ್ಲಿ ಕೆಲವೊಮ್ಮೆ ಮೆಚ್ಚುಗೆಯಿದೆ, ಹಲವು ಸಲ ‘ಸ್ವಲ್ಪ ಅತಿಯಾಯಿತು’ ಎಂಬ ಕೊಂಕೂ ಇದೆ. ಕನ್ನಡದಲ್ಲಿ ಈ ಪದದ ಕೊನೆಯ ‘ಇ’ಗೆ ಸರಿಸಮನಾದ ಪ್ರತ್ಯಯ ನನಗೆ ಹೊಳೆಯುತ್ತಿಲ್ಲ. ‘ಫ್ರೆಂಚರದ್ದರ ಹಾಗೆ ಕಾಣುವ’ ಎಂದು ಬಿಡಿಸಿಯೇ ಬರೆಯಬೇಕಾದೀತು, ಹಾಗೆ ಬರೆಯಲು ಹಿಂಜರಿಯಬೇಡಿ.

ಮನುಷ್ಯರಿಗೆ ಅನ್ವಯಿಸಿದಾಗ ಈ ಪದ ಇನ್ನೂ ನಾಜೂಕಾಗುತ್ತದೆ, ನಿಮ್ಮ ಲೇಖನವಾದರೋ ಇಲ್ಲಿ ಎರಡೇ ಸಾಲಿನಲ್ಲಿ ಮುಂದೆ ಸಾಗಿದೆ. ಕೆನಡಾದಲ್ಲಿ ಫ್ರೆಂಚ್ ಮಾತೃಭಾಷೆಯವರನ್ನು ಹೊರಗಿನವರು ಹೀಗೆ ಕರೆದರೆ ಅವಮಾನವೆನಿಸಬಹುದು. ಅದೇ ಪದವನ್ನು ಗ್ರೆಗೊರಿ ಮಾರ್ಷಾಂ ಎಂಬ ಫ್ರೆಂಚ್ ಬಾಣಸಿಗರು ಹೆಮ್ಮೆಯಿಂದ ಹೊತ್ತರು. ಅವರು ಲಂಡನ್ನಿನಲ್ಲಿ ಜೇಮೀ ಆಲಿವರ್ ಅವರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಬಿದ್ದ ಅಡ್ಡಹೆಸರು ಫ್ರೆಂಚಿ. ತಾಯ್ನಾಡಿಗೆ ಮರಳಿ 2009ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ರೆಸ್ಟೋರೆಂಟ್ ತೆರೆದಾಗ ಅದಕ್ಕೂ ಆ ಹೆಸರನ್ನೇ ಇಟ್ಟರು. ಫ್ರಾನ್ಸಿನ ಪತ್ರಿಕೆಗಳು ಕೂಡ ವಿದೇಶದಲ್ಲಿ ಗೆದ್ದ ತಮ್ಮವರನ್ನು ಅಭಿಮಾನದಿಂದ ‘ಲೇ ಫ್ರೆಂಚೀಸ್’ ಎಂದು ಬರೆಯುತ್ತವೆ. ತಮ್ಮ ಹಳೆಯ ಚಾಳಿಗಳನ್ನು ತಾವೇ ಹಂಗಿಸಿಕೊಳ್ಳಬೇಕಾದಾಗ ಮಾತ್ರ ಅವರು ‘ಫ್ರಾಂಶುಯಾರ್’ ಎಂಬ ತಮ್ಮದೇ ಪದವನ್ನು ತೆಗೆಯುತ್ತಾರೆ. ಪರರು ಕೊಟ್ಟ ಪದ ಹೊಗಳಿಕೆಗೆ, ಮನೆಯ ಪದ ತೆಗಳಿಕೆಗೆ ಎಂಬ ಈ ಅದಲುಬದಲೇ ನಿಮ್ಮ ಲೇಖನದ ಜೀವಾಳವಾಗಬಹುದಿತ್ತು.

ನಾಯಿಯ ಪ್ರಸ್ತಾಪ ಇರಲಿ. ಅಮೆರಿಕನ್ ಕೆನಲ್ ಕ್ಲಬ್ಬಿನ 2022ರ ನೋಂದಣಿಯಲ್ಲಿ ಲ್ಯಾಬ್ರಡಾರನ್ನು ಹಿಂದಿಕ್ಕಿದ ಫ್ರೆಂಚ್ ಬುಲ್‌ಡಾಗ್‌ಗೆ ಜನ ಪ್ರೀತಿಯಿಂದ ಫ್ರೆಂಚಿ ಎನ್ನುತ್ತಾರೆ. ಆದರೆ ಅದರ ಪೂರ್ವಜರು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಲೇಸ್ ನೇಕಾರರ ಜೊತೆ ಫ್ರಾನ್ಸಿಗೆ ಹೋದ ಪುಟ್ಟ ಬುಲ್‌ಡಾಗ್‌ಗಳು ಎಂಬುದನ್ನು ಸೇರಿಸಿ. ನಮ್ಮ ಓದುಗರಲ್ಲಿ ಅನೇಕರಿಗೆ ಈ ಪದ ಕೇಳಿದೊಡನೆ ನೆನಪಾಗುವುದು ವಿಐಪಿ ಕಂಪನಿಯ ಗಂಡಸರ ಒಳಉಡುಪು. ಅದನ್ನು ನೀವು ಸಂಕೋಚದಿಂದ ಬಿಟ್ಟಿದ್ದೀರಿ ಎಂದು ತೋರುತ್ತದೆ. ಪದದ ಬಳಕೆಯನ್ನು ಬರೆಯುವವರು ಬಟ್ಟೆ ಅಂಗಡಿಯ ಬಳಕೆಯನ್ನು ಮುಚ್ಚಿಡಬಾರದು.

ಇನ್ನು ತಪ್ಪೊಂದನ್ನು ತಿದ್ದಲೇಬೇಕು. ‘ಪರಂಗಿ ಹಣ್ಣು ಫ್ರಾನ್ಸಿನಿಂದ ಬಂದದ್ದು, ಹೆಸರೇ ಸಾಕ್ಷಿ’ ಎಂದಿದ್ದೀರಿ. ಪಪ್ಪಾಯಿ ಅಮೆರಿಕ ಖಂಡದ ಹಣ್ಣು. ಯುರೋಪಿನ ಹಡಗುಗಳು ಅದನ್ನು ಈ ಕಡೆಗೆ ತಂದವು. ಫ್ರಾಂಕ್ ಎಂಬ ಜನಾಂಗದ ಹೆಸರಿನಿಂದ ಫ್ರಾನ್ಸ್ ಹುಟ್ಟಿದ್ದು ನಿಜ, ಅದೇ ಹೆಸರು ಅರಬ್ಬಿ ಮತ್ತು ಪಾರಸಿಯ ಹಾದಿಯಲ್ಲಿ ‘ಫರಂಗಿ’ಯಾಗಿ ನಮ್ಮಲ್ಲಿ ‘ಪರಂಗಿ’ಯಾದದ್ದೂ ನಿಜ. ಆದರೆ ಆ ದಾರಿಯಲ್ಲಿ ಅದು ಫ್ರೆಂಚರನ್ನಷ್ಟೇ ಅಲ್ಲದೆ ಪಶ್ಚಿಮ ಯುರೋಪಿನವರೆಲ್ಲರನ್ನೂ ಸೂಚಿಸತೊಡಗಿತ್ತು. 16ನೇ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ದಲ್ಲಿ ಬರುವ ‘ಫಿರಂಗ ರೋಗ’ದ, ಅಂದರೆ ಸಿಫಿಲಿಸ್‌ನ, ಹೆಸರಿನಲ್ಲಿರುವುದೂ ಇದೇ ಪದ. ಹೊರಗಿನವರು ತಂದರೆಂದು ಭಾವಿಸಿದ ಹಣ್ಣಿಗೂ ರೋಗಕ್ಕೂ ಒಂದೇ ಹೆಸರು ಅಂಟಿದ ಬಗೆ, ನೀವು ಹೇಳಹೊರಟ ಮಾತಿಗೆ ಲಂಡನ್ನಿನ ಯಾವ ಉದಾಹರಣೆಗಿಂತಲೂ ಹತ್ತಿರವಾದದ್ದು.

ನಿಜವಾಗಿ ಫ್ರೆಂಚರನ್ನೇ ಸೂಚಿಸುವ ಹೆಸರು ಬೇಕಿದ್ದರೆ ಮಂಡ್ಯ ಜಿಲ್ಲೆಗೆ ಬನ್ನಿ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆ, ಇಂಗ್ಲಿಷರ ನಕ್ಷೆಗಳಲ್ಲಿ ಫ್ರೆಂಚ್ ರಾಕ್ಸ್ ಆಗಿತ್ತು. ಇಂದು ಅದು ಪಾಂಡವಪುರ. ಆ ಹಳೆಯ ಹೆಸರನ್ನು ಅಲ್ಲಿನ ಹಿರಿಯರು ಹೇಗೆ ಉಚ್ಚರಿಸುತ್ತಾರೆ, ಯಾವ ಸಂದರ್ಭದಲ್ಲಿ ನೆನೆಯುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ನಿಘಂಟಿನಿಂದ ಎತ್ತಿಕೊಂಡ ಮೊದಲ ಎರಡು ಪುಟಗಳನ್ನು ತೆಗೆದು ಆ ಟಿಪ್ಪಣಿಗಳಿಂದಲೇ ಆರಂಭಿಸಿ, ನಾಲ್ಕು ಪುಟಗಳಿಗೆ ಇಳಿಸಿ ಕಳಿಸಿದರೆ ನಾನೇ ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ