3+ ಅಂತ ಇದೆ ಅಂದ್ಕೊಂಡು ಗೇಮ್ ಹಾಕ್ಕೊಟ್ಟವ್ರಿಗೆ (ಉತ್ತರ ಸ್ವಲ್ಪ ಉದ್ದ ಆಯ್ತು)

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನಿರಕ್ಕಾಗ್ಲಿಲ್ಲ. ಮಗನಿಗೆ ಐದು ವರ್ಷ, ಅವನು ಆಡೋ ಬಲೂನ್ ಗೇಮಿಗೆ ಪ್ಲೇ ಸ್ಟೋರಲ್ಲಿ 3+ (ಮೂರು ವರ್ಷ ಮೇಲ್ಪಟ್ಟವ್ರಿಗೆ) ರೇಟಿಂಗ್ ಇದೆ, ಸ್ಟಾರೂ ಚೆನ್ನಾಗಿದೆ, ರಕ್ತ ಗಿಕ್ತ ಏನೂ ಇಲ್ಲ, ಆದ್ರೂ ಫೋನ್ ಇಸ್ಕೊಂಡ್ರೆ ರಂಪ, ಮಧ್ಯೆ ಮಧ್ಯೆ ಎಂಥೆಂಥದೋ ಜಾಹೀರಾತು, ಏನ್ ಮಾಡ್ಲಿ ಅಂತ ಕೇಳಿದೀರಿ. ಕೆಳಗೆ ನೋಡಿದ್ರೆ ಎಲ್ರೂ "3+ ಇದ್ಯಲ್ಲ ಸರ್, ಏನಾಗಲ್ಲ, ಮಕ್ಕಳು ಅಂದ್ಮೇಲೆ ಹಠ ಮಾಡ್ತಾವೆ" ಅಂತ ಬರ್ದು ಹೋಗಿದಾರೆ. ಅವ್ರಲ್ಲಿ ಒಬ್ರಾದ್ರೂ ಆ ಗೇಮನ್ನ ಅರ್ಧ ಗಂಟೆ ಆಡಿದಾರಾ ಅಂತ ಕೇಳಿ ನೋಡಿ.

ಆ 3+ ಅನ್ನೋದನ್ನ ಯಾರೋ ಟೀಚರ್ ಕೂತು ಆಡಿ ನೋಡಿ ಕೊಟ್ಟಿರಲ್ಲ. ಗೇಮ್ ಮಾಡಿದವ್ರೇ ಐಎಆರ್‌ಸಿ (ವಯಸ್ಸಿನ ರೇಟಿಂಗ್ ಕೊಡೋ ಅಂತರರಾಷ್ಟ್ರೀಯ ಒಕ್ಕೂಟ) ಪ್ರಶ್ನಾವಳಿ ತುಂಬ್ತಾರೆ, ಹೊಡೆದಾಟ ಇದ್ಯಾ, ರಕ್ತ ಕಾಣತ್ತಾ, ಕೆಟ್ಟ ಮಾತು ಇದ್ಯಾ, ಜೂಜು ಇದ್ಯಾ ಅಂತ, ಅದರ ಮೇಲೆ ನಂಬರ್ ಬೀಳತ್ತೆ. 2015ರಿಂದ ಪ್ಲೇ ಸ್ಟೋರಲ್ಲಿ ಇದೇ ಪದ್ಧತಿ. ಚೆಸ್ ಆಪ್‌ಗೂ 3+ ಇರತ್ತೆ, ಹಾಗಂತ ಮೂರು ವರ್ಷದ ಮಗು ಚೆಸ್ ಆಡತ್ತಾ? ಇಂಥದ್ದೆಲ್ಲ ಇದ್ರಲ್ಲಿ ಇಲ್ಲ ಅಂತ ಹೇಳೋ ನಂಬರ್ ಅದು, ಏನಿದೆ ಅಂತ ಹೇಳಲ್ಲ. ಫಿಫಾ ಫುಟ್ಬಾಲ್ ಆಟಕ್ಕೆ ಯುರೋಪಲ್ಲಿ ಗೇಮಿಗೆ ವಯಸ್ಸಿನ ರೇಟಿಂಗ್ ಕೊಡೋ ಪೆಗಿಯವ್ರು ವರ್ಷಗಟ್ಟಲೆ 3 ಅಂತಾನೇ ಕೊಟ್ಕೊಂಡ್ ಬಂದ್ರು, ಒಳಗೆ ನೋಡಿದ್ರೆ ದುಡ್ಡು ಕೊಟ್ಟು ಪ್ಯಾಕ್ ಒಡೆಯೋದು, ಯಾವ ಪ್ಲೇಯರ್ ಸಿಗ್ತಾನೋ ಅದೃಷ್ಟ. ಬೆಲ್ಜಿಯಂನವ್ರು 2018ರಲ್ಲೇ ಇದು ಜೂಜು ಕಣ್ರಪ್ಪಾ ಅಂದ್ರು, 2019ರಲ್ಲಿ ಅಲ್ಲಿ ಆ ಪ್ಯಾಕ್ ತಗೊಳ್ಳೋ ಫಿಫಾ ಪಾಯಿಂಟ್ಸ್ ಮಾರೋದೇ ನಿಂತ್ಹೋಯ್ತು. ರೇಟಿಂಗ್ ಮಾತ್ರ ಹಾಗೇ ಇತ್ತು.

ನಾನೂ ಅದೇ 3+ ನಂಬ್ಕೊಂಡು ಮಗಳಿಗೆ ಒಂದು ಬೆಕ್ಕಿನ ಗೇಮ್ ಹಾಕ್ಕೊಟ್ಟಿದ್ದೆ, ಹೆಸರು ಬೇಡ ಬಿಡಿ, ಆ ಥರದ್ದು ನೂರಿದಾವೆ. ಬೆಕ್ಕಿಗೆ ಊಟ ಹಾಕೋದು, ಸ್ನಾನ ಮಾಡ್ಸೋದು, ಮಲಗ್ಸೋದು ಅಷ್ಟೇ. ಹೊಡೆದಾಟ ಇಲ್ಲ, ಏನೂ ಇಲ್ಲ, ಎಷ್ಟು ಮುದ್ದಾಗಿದೆ ಅಂತ ನಮ್ಮನೆಯವ್ರೂ ಆಡ್ತಿದ್ರು. ಆಮೇಲೆ ಗೊತ್ತಾಯ್ತು, ಆಟ ಬಿಟ್ಟು ಹೊರಗೆ ಬರಕ್ಕೆ ಹೋದ್ರೆ ಬೆಕ್ಕು ಕಣ್ಣಲ್ಲಿ ನೀರು ತುಂಬ್ಕೊಂಡು ನೋಡತ್ತೆ. ರಾತ್ರಿ ಹೊತ್ತು ನೋಟಿಫಿಕೇಶನ್, ಬೆಕ್ಕು ಹಸ್ಕೊಂಡಿದೆ ಅಂತ. ಮೀನು ಖಾಲಿ ಆದ್ರೆ ಒಂದು ಜಾಹೀರಾತು ಪೂರ್ತಿ ನೋಡ್ಬೇಕು, ಇಲ್ಲಾಂದ್ರೆ ದುಡ್ಡು ಕೊಟ್ಟು ಮೀನಿನ ಬುಟ್ಟಿ ತಗೋಬೇಕು. ಮಗು ನಿದ್ದೆಯಿಂದ ಎದ್ದು ಬಂದು ಅಪ್ಪಾ ಬೆಕ್ಕು ಹಸ್ಕೊಂಡಿರತ್ತೆ ಫೋನ್ ಕೊಡು ಅಂತ ಅಳಕ್ಕೆ ಶುರು ಮಾಡ್ತು. ನಾವು ಹಠ ಹಠ ಅಂತ ಬೈದ್ವಿ. ಅದು ಹಠ ಅಲ್ಲ ಸರ್, ಮಗು ನಿಜವಾಗ್ಲೂ ಆ ಬೆಕ್ಕು ಉಪವಾಸ ಇದೆ ಅಂತಾನೇ ನಂಬಿತ್ತು. ಐದು ವರ್ಷದ ಮಗುಗೆ ಅದು ಬರೀ ಪ್ರೋಗ್ರಾಮ್ ಅಂತ ಹೆಂಗೆ ಗೊತ್ತಾಗತ್ತೆ? ಡಿಲೀಟ್ ಮಾಡ್ದಾಗ ಆಗಿದ್ದು ಗಲಾಟೆ ಅಲ್ಲ, ಸೂತಕ. ಅದಕ್ಕೇ ನಿಮ್ಮ ಮಗನ ರಂಪದ ಬಗ್ಗೆ ಓದಿದ ತಕ್ಷಣ ಕೇಳ್ಬೇಕು ಅನ್ಸಿದ್ದು, ಫೋನ್ ಇಸ್ಕೊಂಡಾಗ ಸ್ಕ್ರೀನ್ ಮೇಲೆ ಏನಿತ್ತು ನೋಡಿದ್ರಾ?

ಅವತ್ತಿಂದ ನನ್ನ ಲೆಕ್ಕ ಬೇರೆ. ಗೇಮ್ ನೋಡಕ್ಕೆ ಹೆಂಗಿದೆ ಅನ್ನೋದು ಆಮೇಲೆ, ಮೊದ್ಲು ಸೋತಾಗ ಏನ್ಮಾಡತ್ತೆ, ನಿಲ್ಲಿಸಕ್ಕೆ ಹೋದಾಗ ಏನ್ಮಾಡತ್ತೆ, ಎರಡು ದಿನ ಬಿಟ್ಟು ತೆಗೆದ್ರೆ ಏನ್ಮಾಡತ್ತೆ, ಇಷ್ಟು ನೋಡ್ತೀನಿ. ಬೇಕಂತಲೇ ಸೋಲಿ. ಸೋತ ತಕ್ಷಣ ಮತ್ತೆ ಆಡು ಅಂತ ಒಂದೇ ಬಟನ್ ಬಂದ್ರೆ ಒಳ್ಳೇದು. ಜಾಹೀರಾತು ನೋಡು ಜೀವ ಪಡ್ಕೋ, 5 4 3 2 1 ಅಂತ ಗಡಿಯಾರ ಓಡಕ್ಕೆ ಶುರು ಆದ್ರೆ ಅಲ್ಲಿಗೇ ಮುಚ್ಚಿ. ಮಧ್ಯದಲ್ಲಿ ನಿಲ್ಲಿಸಿ ನೋಡಿ, ಆಡಿದ್ದು ಸೇವ್ ಆಗತ್ತಾ? ಸೇವ್ ಆಗಲ್ಲ ಅಂದ್ರೆ "ಇನ್ನೊಂದೈದು ನಿಮಿಷ ಅಪ್ಪಾ" ಅನ್ನೋ ಮಗು ಸುಳ್ಳು ಹೇಳ್ತಿಲ್ಲ, ನೀವೇ ಅನ್ಯಾಯ ಮಾಡ್ತಿರೋದು. ಎರಡು ದಿನ ಬಿಟ್ಟು ತೆಗೆದಾಗ ದಿನಾ ಬಂದ್ರೆ ಬಹುಮಾನ, ಒಂದು ದಿನ ತಪ್ಪಿಸಿದ್ರೆ ಮೊದಲಿಂದ ಅಂತ ಕ್ಯಾಲೆಂಡರ್ ತೋರ್ಸಿದ್ರೆ ಅದು ದೊಡ್ಡವರನ್ನೇ ಬಿಡಲ್ಲ, ಮಕ್ಕಳ ಕಥೆ ಕೇಳ್ಬೇಡಿ.

ಹತ್ತು ನಿಮಿಷ ಆಡಿ ನೋಡ್ದೆ ಚೆನ್ನಾಗಿದೆ ಅನ್ನೋರಿಗೆ ಒಂದ್ ಮಾತು. ಮೊದಲ ಕೆಲವು ಲೆವೆಲ್ ಹೊಸ ಅಳಿಯನ ಉಪಚಾರ ಇದ್ದಂಗೆ, ನಾಣ್ಯ ಸುರೀತಾರೆ, ಜಾಹೀರಾತೇ ಇರಲ್ಲ. ಅಸಲಿ ಬಣ್ಣ ಆಮೇಲೆ. ಅಲ್ಲಿ ತನಕ ಆಡ್ಬೇಕು.

ಇನ್ನೊಂದು ಉಪಾಯ, ಇದು ನಂಗೆ ತುಂಬಾ ಕೆಲಸಕ್ಕೆ ಬಂದಿದೆ. ಸೌಂಡ್ ಆಫ್ ಮಾಡಿ, ಫೋನ್ ಕೈ ಉದ್ದಕ್ಕೆ ಹಿಡ್ಕೊಂಡು ಕಣ್ಣು ಕಿರಿದು ಮಾಡಿ ನೋಡಿ, ಅಕ್ಷರ ಓದ್ಬಾರ್ದು. ಎಲ್ಲಕ್ಕಿಂತ ದೊಡ್ಡದಾಗಿ ಮಿಣಮಿಣ ಅಂತಿರೋ ಬಟನ್ ಯಾವುದು? ಓದಕ್ಕೆ ಬರದ ಮಗು ಒತ್ತೋದು ಅದನ್ನೇ. ಅದು ಒತ್ತಿದ್ರೆ ಅಂಗಡಿ ತೆಗೀತಾ, ಜಾಹೀರಾತು ಶುರು ಆಯ್ತಾ, ಆ ಗೇಮ್ ಬೇಡ. ಬೇಡ ಅನ್ನೋ ಬಟನ್ ಸಣ್ಣದಾಗಿ ಬೂದು ಬಣ್ಣದಲ್ಲಿ ಮೂಲೇಲಿ ಇದ್ರಂತೂ ಅದು ಅಕಸ್ಮಾತ್ ಅಲ್ಲ. ಫೋರ್ಟ್‌ನೈಟ್ ಗೇಮ್ ಮಾಡಿದ ಎಪಿಕ್ ಕಂಪನಿ 2022ರಲ್ಲಿ ಗ್ರಾಹಕರ ಹಿತ ಕಾಯೋ ಅಮೆರಿಕಾದ ಸರ್ಕಾರಿ ಸಂಸ್ಥೆ ಎಫ್‌ಟಿಸಿಗೆ 52 ಕೋಟಿ ಡಾಲರ್ ಕಟ್ಟಕ್ಕೆ ಒಪ್ಕೊಂಡಿದ್ದು ಮಕ್ಕಳ ಮಾಹಿತಿ ವಿಷಯ, ಜೊತೆಗೆ ಗೊತ್ತಿಲ್ದೆ ಖರೀದಿ ಆಗೋ ಥರ ಬಟನ್ ಇಟ್ಟಿದ್ರು ಅನ್ನೋ ವಿಷಯ. ಅಷ್ಟು ದೊಡ್ಡ ಕಂಪನಿ ಕಥೇನೇ ಹಿಂಗೆ.

ಈಗ ಜಾಹೀರಾತು. ನಿಮ್ಮ ಫೋನಲ್ಲಿ ಲಾಗಿನ್ ಆಗಿರೋ ಗೂಗಲ್ ಅಕೌಂಟ್ ನಿಮ್ದು ತಾನೇ? ಹಂಗಾದ್ರೆ ಆಡ್ತಿರೋದು ಮಗು ಅಂತ ಫೋನಿಗೆ ಹೆಂಗೆ ಗೊತ್ತಾಗ್ಬೇಕು, ಅದರ ಲೆಕ್ಕದಲ್ಲಿ ಆ ಬಲೂನ್ ಒಡೀತಿರೋದು ನೀವು. ಅದಕ್ಕೇ ಲೋನ್ ಆಪ್, ಡೇಟಿಂಗ್ ಆಪ್, ಅರ್ಧಂಬರ್ಧ ಬಟ್ಟೆ ಎಲ್ಲ ಬರೋದು. ಜಾಹೀರಾತು ಗೇಮಿನ ವಯಸ್ಸಿಗೆ ಹೊಂದ್ಬೇಕು ಅಂತ ಪ್ಲೇ ಸ್ಟೋರಲ್ಲಿ ನಿಯಮ ಇದೆ, ನಿಯಮ ಇದೆ ಅಷ್ಟೇ. ಮೊದ್ಲು ರಮ್ಮಿ ಜಾಹೀರಾತು ಕಾಟ ಇನ್ನೂ ಜಾಸ್ತಿ ಇತ್ತು, 2025ರ ಕಾನೂನಲ್ಲಿ ದುಡ್ಡು ಕಟ್ಟಿ ಆಡೋ ಆಟ, ಅದರ ಜಾಹೀರಾತು ಎರಡನ್ನೂ ನಿಷೇಧ ಮಾಡಿದಾರೆ, ಆದ್ರೂ ಹುಷಾರು. ಮಕ್ಕಳ ಫೋನ್ ಮೇಲೆ ಕಣ್ಣಿಡೋಕೆ ಗೂಗಲ್‌ನವ್ರದ್ದೇ ಫ್ಯಾಮಿಲಿ ಲಿಂಕ್ ಆಪ್ ಇದೆ, ಅದನ್ನ ಹಾಕಿ ಮಗನ ಹೆಸರಲ್ಲೇ, ನಿಜವಾದ ಹುಟ್ಟಿದ ವರ್ಷ ಕೊಟ್ಟು ಅಕೌಂಟ್ ಮಾಡಿ, ಆಗ ನಿಮ್ಮ ಹುಡುಕಾಟ ನೋಡ್ಕೊಂಡು ಬರೋ ಜಾಹೀರಾತು ನಿಲ್ಲತ್ತೆ, ಹೊಸ ಆಪ್ ಹಾಕಕ್ಕೂ ನಿಮ್ಮನ್ನ ಕೇಳತ್ತೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಡಿ. ಮಗು ಬೆರಳಚ್ಚು ಫೋನಲ್ಲಿ ಸೇವ್ ಮಾಡ್ಬೇಡಿ ದಯವಿಟ್ಟು, ಆಟಕ್ಕೆ ಅಂತ ಅದನ್ನೂ ಮಾಡಿರೋರನ್ನ ನೋಡಿದೀನಿ.

ಏರೋಪ್ಲೇನ್ ಮೋಡ್ ಹಾಕಿ ಕೊಡಿ ಅಂತ ಮೇಲೆ ಒಬ್ರು ಹೇಳಿದಾರೆ, ಒಳ್ಳೇ ಸಲಹೆ, ನಾನೂ ಮಾಡ್ತೀನಿ. ಆದ್ರೆ ಕೆಲವು ಗೇಮ್ ಜಾಹೀರಾತನ್ನ ಮೊದ್ಲೇ ಇಳಿಸಿಟ್ಕೊಂಡಿರತ್ತೆ, ನೆಟ್ ಇಲ್ದೇನೂ ತೋರ್ಸತ್ತೆ. ಕೆಲವು ನೆಟ್ ಇಲ್ಲಾಂದ್ರೆ ಓಪನ್ನೇ ಆಗಲ್ಲ. ಒಬ್ರೇ ಆಡೋ ಬಲೂನ್ ಗೇಮಿಗೆ ಇಂಟರ್ನೆಟ್ ಯಾಕ್ರೀ ಬೇಕು? ಅದೊಂದೇ ಸಾಕು ತೆಗೆದು ಹಾಕಕ್ಕೆ.

ನೋಡಕ್ಕೆ ಕಾರ್ಟೂನ್ ಥರ ಇದ್ರೆ ಮಕ್ಕಳದ್ದು ಅನ್ನೋ ಭ್ರಮೆ ಬಿಡಿ. ಪಾಪಿ ಪ್ಲೇಟೈಮ್ ಅಂತ 2021ರಲ್ಲಿ ಬಂದ ಆಟದ ಆ ನೀಲಿ ಕೂದಲಿನ ಹಗ್ಗಿ ವಗ್ಗಿ ಗೊಂಬೆ ಜಾತ್ರೆ ಅಂಗಡೀಲೂ ನೇತಾಡ್ತಿರತ್ತೆ, ಆಟ ಪಕ್ಕಾ ಹಾರರ್, ಆ ಗೊಂಬೆ ಕತ್ತಲೆ ಫ್ಯಾಕ್ಟರೀಲಿ ಅಟ್ಟಿಸ್ಕೊಂಡು ಬರತ್ತೆ. ಇಟ್ ಟೇಕ್ಸ್ ಟು ಅನ್ನೋ ಗೇಮ್ ಇನ್ನೂ ಮೋಸ, ಯಾಕಂದ್ರೆ ಅದು ನಿಜಕ್ಕೂ ಅದ್ಭುತ ಗೇಮ್, 2021ರ ಗೇಮ್ ಆಫ್ ದಿ ಇಯರ್, ಇಬ್ರು ಸೇರಿ ಆಡೋದು, ಮಗನ ಜೊತೆ ಆಡೋಣ ಅಂತ ಎಲ್ರೂ ಅಂದ್ಕೋತಾರೆ. ಕಥೆ ಏನಪ್ಪಾ ಅಂದ್ರೆ ಅಪ್ಪ ಅಮ್ಮ ಡೈವೋರ್ಸ್ ತಗೋತಿರೋದು. ಮಧ್ಯೆ ಮಗಳ ಆನೆ ಗೊಂಬೆ ಬೇಡ್ಕೋತಿದ್ರೂ ಬಿಡದೆ ಎಳ್ಕೊಂಡ್ ಹೋಗಿ ಹಾಳು ಮಾಡೋ ಸೀನ್ ಇದೆ, ಆ ಬಟನ್ ನಾವೇ ಒತ್ಬೇಕು, ದೊಡ್ಡವರಿಗೇ ಕರುಳು ಹಿಂಡತ್ತೆ. ಪೆಗಿ 12 ಕೊಟ್ಟಿರೋದು ಸರಿಯಾಗೇ ಇದೆ. ಆದ್ರಿಂದ ಟ್ರೇಲರ್ ನೋಡ್ಬೇಡಿ, ಯೂಟ್ಯೂಬಲ್ಲಿ ಮಾತಿಲ್ದೆ ಪೂರ್ತಿ ಆಡಿರೋ ವಿಡಿಯೋ ಹಾಕ್ಕೊಂಡು ಮಧ್ಯಕ್ಕೆ ಮತ್ತೆ ಕೊನೆಗೆ ಜಿಗಿದು ನೋಡಿ. "ಮಕ್ಕಳಿಗೆ ಟಾಪ್ 10 ಗೇಮ್" ಅನ್ನೋ ವಿಡಿಯೋಗಳನ್ನಂತೂ ಮರ್ತ್ಬಿಡಿ, ಆ ಹುಡುಗ್ರಿಗೆ ಮಕ್ಕಳೇ ಇರಲ್ಲ. ಪೋಷಕರಿಗೆ ಅಂತಾನೇ ಇರೋ ಕಾಮನ್ ಸೆನ್ಸ್ ಮೀಡಿಯಾ ವೆಬ್‌ಸೈಟಿನ ರಿವ್ಯೂ ಪರವಾಗಿಲ್ಲ, ಅಮೆರಿಕಾದವ್ರ ಕಣ್ಣಲ್ಲಿ ಬರ್ದಿರ್ತಾರೆ ಆದ್ರೂ ಏನೇನಿದೆ ಅಂತ ಬಿಡಿಸಿ ಹೇಳ್ತಾರೆ. ಪ್ಲೇ ಸ್ಟೋರ್ ರಿವ್ಯೂಲಿ ಹೊಸದು ಮೊದಲು ಅಂತ ಹಾಕ್ಕೊಂಡು ಒಂದು ಸ್ಟಾರ್ ಕೊಟ್ಟಿರೋದು ಮಾತ್ರ ಓದಿ.

ರೋಬ್ಲಾಕ್ಸ್ ಬಗ್ಗೆ ಯಾರೋ ಕೇಳಿದ್ರಲ್ಲ. ಅದು ಒಂದು ಗೇಮ್ ಅಲ್ಲ, ಜನ ಜನ ಮಾಡಿ ಹಾಕಿರೋ ಲಕ್ಷಾಂತರ ಗೇಮ್, ಒಂದು ಚೆನ್ನಾಗಿದೆ ಅಂತ ಪಕ್ಕದ್ದು ಚೆನ್ನಾಗಿರತ್ತೆ ಅನ್ನೋ ಗ್ಯಾರಂಟಿ ಇಲ್ಲ. 2024ರ ನವೆಂಬರ್‌ನಲ್ಲಿ ಪೋಷಕರ ಅಕೌಂಟ್ ಜೋಡಿಸೋ ವ್ಯವಸ್ಥೆ ತಂದ್ರು, ಒಳಗಿರೋದು ಎಷ್ಟು ಖಾರ ಅಂತ ಗೊತ್ತಾಗಕ್ಕೆ ಮಿನಿಮಲ್, ಮೈಲ್ಡ್ ಅಂತ ಲೇಬಲ್ ಹಾಕಿದಾರೆ, ಒಪ್ತೀನಿ. ಆದ್ರೂ ಐದು ವರ್ಷಕ್ಕೆ ಬೇಡ. ಅಪರಿಚಿತರು ಸಿಗೋ ಯಾವ ಆಟಾನೂ ಆ ವಯಸ್ಸಿಗೆ ಬೇಡ, ಇದ್ರಲ್ಲಿ ನಾನು ಚೌಕಾಸಿ ಮಾಡಲ್ಲ. ಇಟ್ಟಿಗೆ ಥರದ ಬ್ಲಾಕ್ ಜೋಡಿಸಿ ಕಟ್ಟೋ ಮೈನ್‌ಕ್ರಾಫ್ಟ್ ಬೇರೆ ವಿಷಯ, ಸೆಟ್ಟಿಂಗಲ್ಲಿ ಕ್ರಿಯೇಟಿವ್ ಮೋಡ್, ಪೀಸ್‌ಫುಲ್ ಇಟ್ಟು ಮಲ್ಟಿಪ್ಲೇಯರ್ ಆಫ್ ಮಾಡಿದ್ರೆ ದೆವ್ವ ಭೂತ ಯಾವುದೂ ಮೈಮೇಲೆ ಬರಲ್ಲ, ಆರೇಳು ವರ್ಷಕ್ಕೆ ಆರಾಮಾಗಿ ಕೊಡ್ಬಹುದು. ಒಳಗಿನ ಅಂಗಡಿ ಕಡೆ ಮಾತ್ರ ಕಣ್ಣಿರ್ಲಿ.

ಹಾಗಾದ್ರೆ ಏನು ಕೊಡ್ಲಿ ಅಂದ್ರೆ, ಒಂದ್ಸಲ ದುಡ್ಡು ಕೊಟ್ಟು ತಗೊಳ್ಳೋ ಗೇಮೇ ಕೊನೆಗೆ ಅಗ್ಗ. ಫ್ರೀ ಬೇಕಂದ್ರೆ ಖಾನ್ ಅಕಾಡೆಮಿ ಕಿಡ್ಸ್, ಜಾಹೀರಾತಿಲ್ಲ, ಒಳಗೆ ಖರೀದಿ ಇಲ್ಲ, ಇಂಗ್ಲಿಷಲ್ಲಿದೆ ಅನ್ನೋದೊಂದೇ. ಸಾಗೋ ಮಿನಿ ಸಣ್ಣ ಮಕ್ಕಳಿಗೆ ಚೆನ್ನಾಗಿದೆ, ಸೋಲು ಗೆಲುವು ಇಲ್ಲ. ಟೋಕಾ ಬೋಕಾದವ್ರ ಹಳೇ ಒಂದೊಂದೇ ಆಪ್ ಬಂಗಾರ, ಈಗಿನ ದೊಡ್ಡ ಟೋಕಾ ವರ್ಲ್ಡ್ ತುಂಬಾ ಅಂಗಡಿ ಮಾಡಿದಾರೆ, ನಂಗಿಷ್ಟ ಇಲ್ಲ. ಪ್ಲೇ ಪಾಸ್ (ಗೂಗಲ್‌ನವ್ರದ್ದು) ಅಥವಾ ಆಪಲ್ ಆರ್ಕೇಡ್ ಚಂದಾ ತಗೊಂಡ್ರೆ ಅದರೊಳಗಿನ ಗೇಮಲ್ಲಿ ಜಾಹೀರಾತೂ ಇಲ್ಲ ಖರೀದಿನೂ ಇಲ್ಲ. ನಿಂಟೆಂಡೋ ಸ್ವಿಚ್ ಗೇಮ್ ಯಂತ್ರ ಇರೋರು ಮಾರಿಯೋ ಕಾರ್ಟ್ 8 ಡಿಲಕ್ಸ್ ಅನ್ನೋ ಕಾರ್ ರೇಸ್ ಹಾಕಿ, ಸ್ಮಾರ್ಟ್ ಸ್ಟೀರಿಂಗ್ ಆನ್ ಮಾಡಿದ್ರೆ ನಾಲ್ಕು ವರ್ಷದ ಮಗೂನೂ ರಸ್ತೆ ಬಿಟ್ಟು ಬೀಳಲ್ಲ. ಎಬಿಸಿಡಿ ಕಲಿಸ್ತೀವಿ ಅನ್ನೋ "ಎಜುಕೇಶನಲ್" ಆಪ್‌ಗಳ ಬಗ್ಗೆ ಮಾತ್ರ ಹುಷಾರು, ಒಂದು ವಾರ ಫ್ರೀ ಅಂತ ಕಾರ್ಡ್ ಇಸ್ಕೊಂಡು ವರ್ಷದ ದುಡ್ಡು ಆಟೋಪೇಲಿ ಹೊಡೀತಾವೆ. ಆಪ್ ಡಿಲೀಟ್ ಮಾಡಿದ್ರೆ ಸಬ್‌ಸ್ಕ್ರಿಪ್ಶನ್ ಹೋಗಲ್ಲ, ಪ್ಲೇ ಸ್ಟೋರಿಗೆ ಹೋಗಿ ಕ್ಯಾನ್ಸಲ್ ಮಾಡ್ಬೇಕು.

ಎಷ್ಟು ಹೊತ್ತು ಅಂತಾನೂ ಕೇಳಿದ್ರಿ. ಎರಡರಿಂದ ನಾಲ್ಕು ವರ್ಷದವ್ರಿಗೆ ಕೂತಲ್ಲೇ ಸ್ಕ್ರೀನ್ ನೋಡೋದು ದಿನಕ್ಕೆ 1 ಗಂಟೆ ದಾಟ್ಬಾರ್ದು, ಕಮ್ಮಿ ಆದಷ್ಟೂ ಒಳ್ಳೇದು ಅಂತ ಡಬ್ಲ್ಯೂಎಚ್ಓ 2019ರಲ್ಲಿ ಹೇಳಿದೆ, ಐದು ವರ್ಷಕ್ಕೂ ನಾನು ಅದನ್ನೇ ಹಿಡ್ಕೊಂಡಿದ್ದೆ. ನಿಮಿಷ ಎಣಿಸೋ ಬದ್ಲು "ಈ ಲೆವೆಲ್ ಮುಗಿಸಿ ಕೊಡು" ಅಂದ್ರೆ ಜಗಳ ಅರ್ಧ ಕಮ್ಮಿ. ಗೇಮ್ ಬದಲಾಯಿಸಿದ್ಮೇಲೂ ತಿಂಡಿ ನಿದ್ದೆ ಎಲ್ಲ ಬಿಟ್ಟು ಅದೇ ಧ್ಯಾನ ಅಂದ್ರೆ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಅಂತ 2014ರಿಂದ ಇದಕ್ಕೇ ಇದೆ, ನಾಚ್ಕೆ ಪಡ್ದೆ ಹೋಗಿ. ನಿಮ್ಮ ಮಗನದ್ದು ಆ ಮಟ್ಟಕ್ಕಿಲ್ಲ ಬಿಡಿ.

ಇಷ್ಟೆಲ್ಲ ನಿಮ್ಮ ಫೋನಲ್ಲಿ ಮಾಡಿ ಅಜ್ಜನ ಫೋನ್ ಮರೀಬೇಡಿ. ರಜಕ್ಕೆ ಊರಿಗೆ ಹೋದ್ರೆ ಮಕ್ಕಳ ಕೈಗೆ ಸಿಗೋದು ಅದೇ, ಲಾಕ್ ಇರಲ್ಲ, ಯುಪಿಐ ಪಿನ್ ಕವರಿನ ಹಿಂದೆ ಚೀಟೀಲಿ ಬರ್ದಿಟ್ಟಿರ್ತಾರೆ. ಹೋಗಿ ಇಳಿದ ದಿನಾನೇ ಅಜ್ಜನ ಪ್ಲೇ ಸ್ಟೋರಿಗೂ ಪಾಸ್‌ವರ್ಡ್ ಹಾಕಿ, ಆ ಚೀಟಿ ಬೀರುಗೆ ಸೇರ್ಸಿ, ಆಟ ಆಡುವಾಗ ಆಪ್ ಪಿನ್ ಮಾಡಿ ಕೊಡೋದು ಹೆಂಗೆ ಅಂತ ಅವ್ರಿಗೇ ಕಲಿಸಿ, ಆಗ ಆ ಗೇಮ್ ಬಿಟ್ಟು ಬೇರೆ ಕಡೆ ಹೋಗಕ್ಕಾಗಲ್ಲ. ನಿಮ್ಮ ಮಗ ಆಡ್ತಿರೋ ಗೇಮ್ ಹೆಸರು ಇಲ್ಲಿ ಹಾಕಿ, ರಾತ್ರಿ ಕೂತು ಸೋತು ನೋಡಿ ಹೇಳ್ತೀನಿ.